ಗಿಟಾರಿನ ಆರನೇ ಸ್ಕ್ರೂ

ಓದಿದವರಿಗೆ ಒಂದು ಕಾಯಿಲೆ ಇದೆ. ನನಗೂ ಇದೆ, ಮುಚ್ಚಿಡುವುದಿಲ್ಲ. ಕೆಟ್ಟುಹೋದ ವಸ್ತುವನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋಗುವುದು ನಮ್ಮಿಂದ ಆಗುವುದಿಲ್ಲ. ಮಿಕ್ಸಿ ಜಾರಿನ ರಬ್ಬರ್ ಸವೆದರೆ ಓದದವರು ಜಾರನ್ನೇ ಕಂಕುಳಲ್ಲಿ ಇಟ್ಟುಕೊಂಡು ಹೊರಡುತ್ತಾರೆ. ನಾವು ಮಾಡೆಲ್ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಸರಿಹೋಗದ ರಬ್ಬರ್ ತಂದು, ಕಂಪನಿಯನ್ನು ಬೈಯುತ್ತೇವೆ. ಹಾಸನದಲ್ಲಿ ಪಂಪ್‌ಸೆಟ್ ಅಂಗಡಿಯಿಂದ ಹೊಲಿಗೆ ಮಿಷನ್ ಅಂಗಡಿಯವರೆಗೆ ಎಲ್ಲಿಗೇ ಹೋಗಿ, ಕೇಳುವುದು ಒಂದೇ ಪ್ರಶ್ನೆ: "ಹಳೇದು ತಂದಿದೀರಾ?" ಅದಕ್ಕೆ "ಇಲ್ಲ, ಅಳತೆ ತಂದಿದ್ದೀನಿ" ಅಂತ ಎದೆ ಸೆಟೆಸಿ ಹೇಳುವವಳು ನಾನು. ಅರಕಲಗೂಡು ಕಡೆಯ ನಮ್ಮ ಮನೆತನದಲ್ಲಿ ಡಿಗ್ರಿ ಅಂತ ಮಾಡಿದ ಮೊದಲ ಜೀವ ನಾನೇ. ಆಮೇಲೆ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಸುಮ್ಮನೆ ಬಂದದ್ದಲ್ಲ ಅದು. ಹಾಸ್ಟೆಲ್ಲಿನ ನೀರು ಸಾರು ಕುಡಿದು, ರಜೆ ಬಂತೆಂದರೆ ಊರಲ್ಲಿ ಆಲೂಗಡ್ಡೆ ಕಿತ್ತು, ಉಗುರಿನ ಮಣ್ಣು ಹೋಗುವ ಮೊದಲೇ ಪರೀಕ್ಷೆ ಬರೆದು ಬಂದದ್ದು. ಅಂಥವಳು ಅಳತೆಯನ್ನು ಬಿಟ್ಟು ವಸ್ತುವನ್ನೇ ಹೊತ್ತು ತಿರುಗಿದರೆ ಓದಿದ್ದಾದರೂ ಯಾಕೆ?

ಈ ಜಂಬ ಮುರಿದದ್ದು ಒಂದು ಎಲೆಕ್ಟ್ರಿಕ್ ಗಿಟಾರಿನಿಂದ. ನಲವತ್ತನಾಲ್ಕು ವಯಸ್ಸಿನ, ಚನ್ನರಾಯಪಟ್ಟಣದ ಪಿಯು ಕಾಲೇಜೊಂದರಲ್ಲಿ ಪಾಠ ಮಾಡುವ ಹೆಂಗಸಿಗೆ ಗಿಟಾರ್ ಯಾಕೆ ಅಂತ ನೀವು ಕೇಳಬಹುದು. ಕೇಳಿದವರಲ್ಲಿ ನೀವು ಮೊದಲಿಗರೇನಲ್ಲ. ಹಾಸ್ಟೆಲ್ಲಿನಲ್ಲಿದ್ದಾಗ ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಒಬ್ಬ ಇಂಥ ಗಿಟಾರಿನ ಒಂದೇ ಒಂದು ತಂತಿ ಮೀಟಿದ. ಆ ಸದ್ದು ಸ್ಪೀಕರಿನಿಂದ ಹೊರಟು ನೇರ ನನ್ನ ಪಕ್ಕೆಲುಬಿನೊಳಗೆ ಹೋಗಿ ಕೂತಿತು, ಇನ್ನೂ ಎದ್ದಿಲ್ಲ. ನಮ್ಮ ಮಗಳು ಸಿಂಚನ ಮಾಮೂಲಿ ಗಿಟಾರನ್ನು ಎರಡು ತಿಂಗಳು ಕಲಿತು ಮೂಲೆಗಿಟ್ಟಾಗ ನಾನು ಎತ್ತಿಕೊಂಡೆ, ಮೊಬೈಲ್ ನೋಡಿಕೊಂಡು ಕಲಿತೆ. ಹೋದ ವರ್ಷ ಹೊಳೆನರಸೀಪುರದಲ್ಲಿ ಆರ್ಕೆಸ್ಟ್ರಾ ನಿಲ್ಲಿಸಿದ ಒಬ್ಬರು ಹಳೆಯ ಎಲೆಕ್ಟ್ರಿಕ್ ಗಿಟಾರ್ ಮಾರುತ್ತಾರೆ ಅಂತ ಗೊತ್ತಾಗಿ ಓಡಿದೆ. "ಮಗನಿಗಾ ಮೇಡಂ?" ಅಂದರು. "ನನಗೆ" ಅಂದೆ. ಅವರು ಒಂದು ಕ್ಷಣ ನನ್ನ ಸೀರೆಯನ್ನೇ ನೋಡಿ, ಗಿಟಾರನ್ನು ಒಳಗಿನಿಂದ ಬಿಡಿಬಿಡಿಯಾಗಿ ತಂದಿಟ್ಟರು. ಕೆಂಪು ಬಣ್ಣದ ಮರದ ಮೈ ಇತ್ತು, ಕತ್ತು ಇತ್ತು, ಶ್ರುತಿ ಮಾಡಲು ತಂತಿಗಳ ಕಿವಿ ಹಿಂಡುವ ಕೀಗಳಿದ್ದವು. ತಂತಿಗಳ ಬುಡ ಕೂರುವ ಲೋಹದ ತಟ್ಟೆ, ಬ್ರಿಜ್ ಅನ್ನುತ್ತಾರೆ, ಅದು ಮಾತ್ರ ಇರಲಿಲ್ಲ. ಅದರ ಜಾಗದಲ್ಲಿ ಸಾಲಾಗಿ ಆರು ತೂತು. "ಅದೊಂದು ತರಿಸ್ಕೊಂಡ್ರೆ ಆಯ್ತು. ಸ್ಟ್ಯಾಂಡರ್ಡ್ ಸೈಜು" ಅಂದರು. ಈ ಸ್ಟ್ಯಾಂಡರ್ಡ್ ಸೈಜು ಅನ್ನುವುದನ್ನು ಭೂಮಿಯ ಮೇಲೆ ಕಣ್ಣಾರೆ ಕಂಡವರು ಯಾರಾದರೂ ಇದ್ದರೆ ನನಗೆ ತಿಳಿಸಿ.

ಇಲ್ಲಿಗೆ ಬಿಟ್ಟಿದ್ದರೆ ಇದು ನನ್ನ ಮನೆಯೊಳಗಿನ ವಿಷಯವಾಗಿರುತ್ತಿತ್ತು. ನಾನು ಸ್ಟಾಫ್ ರೂಮಿನಲ್ಲಿ ಬಾಯಿ ಬಿಟ್ಟೆ. ರಸಾಯನಶಾಸ್ತ್ರದ ಮೂರ್ತಿ ಸರ್ ಟೀ ಲೋಟ ಕೆಳಗಿಟ್ಟು, "ನಮ್ಮಂಥವರಿಗೆ ಅದೆಲ್ಲ ಯಾಕೆ ಮೇಡಂ? ವಾರ್ಷಿಕೋತ್ಸವಕ್ಕೆ ಒಂದು ಭಾವಗೀತೆ ಹಾಡಿ, ಚೆನ್ನಾಗಿರುತ್ತೆ" ಅಂದರು. 'ನಮ್ಮಂಥವರು' ಅನ್ನುವ ಮಾತು ನನಗೆ ಬಹಳ ಹಳೆಯ ಪರಿಚಯ. ನಮ್ಮಂಥವರ ಹೆಣ್ಣುಮಕ್ಕಳಿಗೆ ಕಾಲೇಜು ಯಾಕೆ ಅಂದಾಗಲೂ ಕೇಳಿದ್ದೆ, ಸೈನ್ಸ್ ಯಾಕೆ ಅಂದಾಗಲೂ ಕೇಳಿದ್ದೆ. "ಹಾಡಲ್ಲ ಸರ್, ಬಾರಿಸ್ತೀನಿ. ನಾನೇ ಜೋಡಿಸಿದ್ದನ್ನೇ ಬಾರಿಸ್ತೀನಿ" ಅಂದೆ. ಅವರು ಆ ಕ್ಷಣವೇ ಪೆನ್ನು ತೆಗೆದು ಕಾರ್ಯಕ್ರಮ ಪಟ್ಟಿಯಲ್ಲಿ ಬರೆದುಕೊಂಡುಬಿಟ್ಟರು. ಉಳಿದಿದ್ದದ್ದು ಒಂದೂವರೆ ತಿಂಗಳು.

ಸ್ಟ್ಯಾಂಡರ್ಡ್ ಅಂತ ತರಿಸಿದ ಮೊದಲ ಬ್ರಿಜ್‌ಗೆ ಎರಡೇ ಸ್ಕ್ರೂ. ನನ್ನ ಗಿಟಾರಿಗೆ ಆರು ತೂತು. ವಾಪಸ್ ಕಳಿಸಿದೆ. "ಹೊಸ ಗಿಟಾರೇ ತಗೊಂಡುಬಿಡೆ" ಅಂದರು ನಮ್ಮ ಮನೆಯವರು. ಅವರ ಮುಖವನ್ನೂ ನೋಡದೆ ಕಾಲೇಜಿಗೆ ಹೋಗಿ, ಲ್ಯಾಬಿನಿಂದ ವರ್ನಿಯರ್ ಕ್ಯಾಲಿಪರ್ಸ್ ತಂದೆ. ಮಿಲಿಮೀಟರಿನ ಹತ್ತನೇ ಒಂದು ಭಾಗವನ್ನೂ ಬಿಡದೆ ಅಳೆಯುವ ಉಪಕರಣ. ಪಿಯುಸಿ ಮಕ್ಕಳಿಗೆ ಮೊದಲು ಕಲಿಸುವುದೇ ಅದನ್ನು. ದೊಡ್ಡ ಡಬ್ಬಿ ಯಾಕೆ ಅಂತ ಅದನ್ನು ಅಲ್ಲೇ ಬಿಟ್ಟು, ವರ್ನಿಯರ್ ಒಂದನ್ನೇ ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಮೊದಲ ತೂತಿನಿಂದ ಎರಡನೆಯದಕ್ಕೆ ಮೂರು ಸಲ ಅಳೆದೆ, ಸರಾಸರಿ ತೆಗೆದೆ: ಹತ್ತೂವರೆ ಮಿಲಿಮೀಟರು. ಅದೇ ಅಳತೆಯ ಬ್ರಿಜ್ ಹುಡುಕಿ ತರಿಸಿದೆ. ಕೊರಿಯರ್ ಹುಡುಗ "ಮಗನಿಗಾ ಆಂಟಿ?" ಅಂದಾಗ ನಗುನಗುತ್ತಲೇ ಉತ್ತರ ಕೊಟ್ಟೆ, ಅಷ್ಟು ಖುಷಿ. ಮೊದಲ ಸ್ಕ್ರೂ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಎರಡನೆಯದು ಸ್ವಲ್ಪ ಬಿಗಿ. ಮೂರನೆಯದು ಗೊಣಗಿತು. ನಾಲ್ಕನೆಯದಕ್ಕೆ ನನ್ನ ಕೈ ಕೆಂಪಾಯಿತು. ಐದನೆಯದು ಓರೆಯಾಗಿ ನಿಂತಿತು. ಆರನೆಯದಕ್ಕೆ ತೂತೇ ಸಿಗಲಿಲ್ಲ. ತಟ್ಟೆಯ ತೂತಿನೊಳಗೆ ಇಣುಕಿದರೆ ಕಾಣುವುದು ಬರೀ ಕೆಂಪು ಬಣ್ಣ.

ಮಾರನೇ ದಿನ ವರ್ನಿಯರನ್ನು ಡಬ್ಬಿಗೆ ಹಾಕಲು ಹೋದೆ. ಮುಚ್ಚಳದ ಮೇಲೆ ಬಿಳಿ ಪಟ್ಟಿಯೊಂದು ಅಂಟಿತ್ತು: 'ಝೀರೋ ಎರರ್ ಇದೆ. 0.3 ಕೂಡಿಸಬೇಕು.' ಅಕ್ಷರ ನನ್ನದೇ. ಮುಚ್ಚಿ ಸೊನ್ನೆಗೆ ತಂದರೂ ಸೊನ್ನೆ ತೋರಿಸದೆ ಸ್ವಲ್ಪ ಕಡಿಮೆ ತೋರಿಸುವ ಹಳೆಯ ವರ್ನಿಯರ್ ಅದು. ಪ್ರತಿಯೊಂದು ಅಳತೆಗೂ ಆ ಚೂರನ್ನು ಸೇರಿಸಬೇಕು. ಸೇರಿಸದೆ ಬರೆದ ಮಕ್ಕಳಿಗೆ ಹದಿನೆಂಟು ವರ್ಷಗಳಿಂದ ಅರ್ಧ ಅಂಕ ಕಳೆಯುತ್ತಿರುವವಳು ಯಾರು? ನಾನು. ಒಂದು ತೂತಿಗೆ ಕಾಣದಷ್ಟು ತಪ್ಪು, ಐದು ಸಂದು ದಾಟುವಷ್ಟರಲ್ಲಿ ಒಂದೂವರೆ ಮಿಲಿಮೀಟರ್. ಸುತ್ತ ಯಾರೂ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು ಡಬ್ಬಿ ಮುಚ್ಚಿದೆ.

ತಿದ್ದಿದ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಈ ಸಲ ಹಾಸನಕ್ಕೇ ಹೋದೆ. ಅಲ್ಲಿ ಒಂದು ಗಲ್ಲಿಯಲ್ಲಿ ಆರ್ಕೆಸ್ಟ್ರಾ ಸಾಮಾನು ರಿಪೇರಿ ಮಾಡುವ ಜಬ್ಬಾರ್ ಸಾಬರು ಇದ್ದಾರೆ. ಚೀಟಿಯನ್ನು ಅವರು ಕನ್ನಡಕ ಹಾಕಿಕೊಂಡು ಓದಲೂ ಇಲ್ಲ.

"ಹಳೇದು ತಂದಿದೀರಾ?"

"ಹಳೇದು ಇಲ್ಲವೇ ಇಲ್ಲ. ಅಳತೆ ಇದೆ, ಪಕ್ಕಾ."

"ಹಾಗಾದ್ರೆ ಗಿಟಾರೇ ತನ್ನಿ. ಮಗನ ಕೈಲಿ ಕೊಟ್ಟು ಕಳಿಸಿ, ಪರವಾಗಿಲ್ಲ."

"ಮಗ ಇಲ್ಲ! ಗಿಟಾರು ನಂದು!"

"ನೀವೇ ತನ್ನಿ ಹಾಗಾದ್ರೆ" ಅಂದರು ತಣ್ಣಗೆ. "ಕಾಗದಕ್ಕೆ ಸ್ಕ್ರೂ ಹೊಡೆಯೋಕೆ ಬರಲ್ಲ ನಂಗೆ."

ಸಿಟ್ಟಿನಿಂದ ಮನೆಗೆ ಬಂದರೆ ಊರಿಂದ ಅವ್ವ ಬಂದು ಕೂತಿದ್ದಳು. ಅವ್ವನಿಗೆ ಓದು ಬಾರದು. ಅಪ್ಪನಿಗೆ ಪೇಟೆ ಅಂದರೆ ಅಳುಕು, ಹಾಗಾಗಿ ಪಂಪ್‌ಸೆಟ್ ಕೆಟ್ಟಾಗಲೆಲ್ಲ ಹಾಸನಕ್ಕೆ ಹೋಗುತ್ತಿದ್ದವಳು ಅವಳೇ. ನನ್ನ ಕತೆಯೆಲ್ಲ ಕೇಳಿ, ಎಲೆ ಅಡಿಕೆ ಒಂದು ದವಡೆಗೆ ಸರಿಸಿ, "ಬಳೆ ತೊಟ್ಕಳಾಕೆ ಓಗೋವಾಗ ಅಳತೆ ಬರ್ಕಂಡು ಓಯ್ತೀಯೇನೆ ಭಾಗ್ಯ? ಕೈ ತಕಂಡೋಯ್ತೀಯ" ಅಂದಳು. ಆದರೂ ಬಸ್ಸಿನಲ್ಲಿ ಅದನ್ನು ಹೊತ್ತು ಹೋಗಲಾರೆ ಅಂದೆ. ಯಾಕೆ ಅಂತ ಅವ್ವ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿಮಗೆ ಹೇಳುತ್ತೇನೆ. ಬಿ.ಎಸ್ಸಿ. ಮೊದಲ ವರ್ಷದಲ್ಲಿ ಒಂದು ಸಲ ರಜೆ ಮುಗಿಸಿ ಅವ್ವನ ಜೊತೆಗೇ ಹಾಸನಕ್ಕೆ ಹೊರಟಿದ್ದೆ. ಅವಳ ಮಡಿಲಲ್ಲಿ ಕೆಸರು ಸೋರುವ ಪಂಪಿನ ವಾಲ್ವು, ಗೊಬ್ಬರದ ಚೀಲದಲ್ಲಿ. ಅರಕಲಗೂಡಿನಲ್ಲಿ ನನ್ನ ಕ್ಲಾಸಿನ ಹುಡುಗಿಯರು ಹತ್ತಿದರು. ನಾನು ಮೆಲ್ಲಗೆ ಎದ್ದು ಡ್ರೈವರ್ ಹಿಂದಿನ ಸೀಟಿಗೆ ಹೋಗಿ, ಹಾಸನದವರೆಗೂ ಅವ್ವ ಯಾರೋ ನಾನು ಯಾರೋ ಅನ್ನುವ ಹಾಗೆ ಕಿಟಕಿ ನೋಡುತ್ತಾ ಕೂತೆ. ಆವತ್ತು ಕಂಡಕ್ಟರ್ ನನ್ನ ಹತ್ತಿರ ಟಿಕೆಟ್ಟೇ ಕೇಳಲಿಲ್ಲ. ಕಾಲೇಜು ಹುಡುಗಿ ಅಂತ ಮರ್ಯಾದೆ ಕೊಟ್ಟ ಅಂದುಕೊಂಡಿದ್ದೆ. ಅವ್ವನಿಗೆ ಗೊತ್ತಾಗಲಿಲ್ಲ ಅಂತಲೂ ಅಂದುಕೊಂಡಿದ್ದೆ.

ವಾರ್ಷಿಕೋತ್ಸವಕ್ಕೆ ಹತ್ತು ದಿನ ಉಳಿದಾಗ ಬೇರೆ ದಾರಿ ಇರಲಿಲ್ಲ. ಭಾನುವಾರ ಗಿಟಾರಿನ ಕತ್ತು ಬಿಚ್ಚಿ, ಮೈಯನ್ನು ಅವ್ವ ಎಲ್ಲಿಂದಲೋ ತಂದ ಗೊಬ್ಬರದ ಚೀಲಕ್ಕೆ ತುರುಕಿ ಹೊರಟೆವು. ಅದೇ ಬಸ್ಸಿಗೆ ಕೋಚಿಂಗ್ ಕ್ಲಾಸಿಗೆ ಹೊರಟ ಸಿಂಚನ. ಮೇಲೆ 'ಯೂರಿಯಾ' ಅಂತ ದಪ್ಪಕ್ಷರವಿದ್ದ ಚೀಲ ನನ್ನ ಮಡಿಲೇರಿದ್ದೇ ತಡ, ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಎದ್ದು ಡ್ರೈವರ್ ಹಿಂದಿನ ಸೀಟಿಗೆ ಹೋದಳು. "ನೋಡವ್ವ ಅವಳ ದಿಮಾಕು!" ಅಂದೆ. ಅಷ್ಟರಲ್ಲಿ ಕಂಡಕ್ಟರ್ ಬಂದ.

"ಏನಜ್ಜಿ, ಭಾನುವಾರನೂ ಗೊಬ್ಬರನಾ?"

"ಗಿಟಾರು ಕಣಪ್ಪ. ನನ್ ಮಗಳ್ದು."

"ಮೊಮ್ಮಗಳ್ದಾ?"

"ಮಗಳ್ದು ಅಂದ್ನಲ್ಲ! ಕಿವಿ ಕೇಳಾಕಿಲ್ವಾ ನಿಂಗೆ? ಮೂರು ಕೊಡು. ಅಗಾ, ಡ್ರೈವರ್ ಹಿಂದೆ ಕುಂತವ್ಳಲ್ಲ, ಅದೂ ನಮ್ದೇಯ. ಅದ್ನ ಕೇಳಾಕೆ ಓಗ್ಬ್ಯಾಡ."

ಹೆಂಗಸರಿಗೆ ಈಗ ಸೊನ್ನೆ ಟಿಕೆಟು. ಮೂರು ಸೊನ್ನೆಗಳನ್ನು ಹರಿದು ಕೊಟ್ಟು ಅವನು ಮುಂದೆ ಹೋದ. ನಾನು ಅವ್ವನ ಮುಖ ನೋಡಿದೆ. ಅವ್ವ ಕಿಟಕಿಯಾಚೆ ನೋಡುತ್ತಾ, "ಆ ಸೀಟು ಒಳ್ಳೇ ಸೀಟು ಕಣೆ. ಕುಲುಕಾಟ ಇರಾಕಿಲ್ಲ. ನೀನೂವೆ ಅಲ್ಲೇ ಕುಂತಿದ್ದೆ" ಅಂದಳು. ಅಷ್ಟೇ. ಇಪ್ಪತ್ತೈದು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಎಲೆ ಅಡಿಕೆಯ ಜೊತೆಗೇ ಉಗಿದು ಬಾಯೊರೆಸಿಕೊಂಡಳು. ನಾನು ಚೀಲದಿಂದ ಗಿಟಾರನ್ನು ಹೊರಗೆಳೆದು, ಚೀಲ ಮಡಚಿ ಸೀಟಿನಡಿ ಹಾಕಿ, ಹಾಸನದವರೆಗೂ ಆ ಕೆಂಪು ಮೈಯನ್ನು ಎಲ್ಲರಿಗೂ ಕಾಣುವ ಹಾಗೆ ತೊಡೆಯ ಮೇಲೆ ನಿಲ್ಲಿಸಿಕೊಂಡೇ ಕೂತೆ. ನೋಡುವವರು ನೋಡಿಕೊಳ್ಳಲಿ.

ಜಬ್ಬಾರ್ ಸಾಬರು ಬಿಸ್ಕತ್ತಿನ ಹಳೆಯ ಡಬ್ಬ ಸುರಿದು, ಬ್ರಿಜ್‌ಗಳನ್ನು ಒಂದೊಂದಾಗಿ ತೂತುಗಳ ಮೇಲಿಟ್ಟು ನೋಡಿದರು. ಮೂರು ಆಗಲಿಲ್ಲ. "ಅದಲ್ಲ, ಆ ಕರ್ರಗಿರೋದ್ನ ಮಡಗಪ್ಪ" ಅಂದಳು ಅವ್ವ. ಅದು ಟಕ್ ಅಂತ ಕೂತಿತು, ಒಂದು ತೂತು ಬಿಟ್ಟು. ಸಾಬರು ಬೆರಳಿಟ್ಟು ತೋರಿಸಿದರು. ಐದನೇ ತೂತನ್ನು ಯಾವ ಕಾಲದಲ್ಲೋ ಯಾರೋ ಕೈಯಲ್ಲೇ ಮತ್ತೆ ಕೊರೆದಿದ್ದರು, ಕೂದಲೆಳೆಯಷ್ಟು ವಾರೆ. "ನಿಮ್ಮ ಚೀಟಿ ಅಳತೆ ಸರಿ ಇತ್ತು ಮೇಡಂ, ಈ ತೂತಿಗೆ ಅದು ಗೊತ್ತಿರಲಿಲ್ಲ ಅಷ್ಟೇ" ಅಂದು, ತಟ್ಟೆಯ ಆ ತೂತನ್ನು ಅರದಿಂದ ನಾಲ್ಕು ಸಲ ಉಜ್ಜಿದರು. ಐದು ಸ್ಕ್ರೂ ತಾವೇ ಬಿಗಿದು, ಆರನೆಯದನ್ನು ನನ್ನ ಕೈಗೇ ಕೊಟ್ಟರು. ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ನನ್ನ ಅಳತೆ ಸರಿ ಇತ್ತು ಅನ್ನುವ ಮಾತನ್ನು ದಯವಿಟ್ಟು ಗಮನಿಸಿ.

ವಾರ್ಷಿಕೋತ್ಸವದ ದಿನ ಬಾರಿಸಿದೆ. ನಡುವೆ ಒಂದು ಕಡೆ ಬೆರಳು ಜಾರಿತು, ನಿಲ್ಲಿಸಲಿಲ್ಲ. ಮಕ್ಕಳ ಶಿಳ್ಳೆಗೆ ಮೈಕು ಕಿರುಚಿತು. ಮೂರ್ತಿ ಸರ್ ಚಪ್ಪಾಳೆ ಹೊಡೆದರು, ಸ್ವಲ್ಪ ತಡವಾಗಿ. ಸಿಂಚನ ಮೊಬೈಲಿನಲ್ಲಿ ವಿಡಿಯೋ ಮಾಡಿದಳು, ಹಿಂದಿನ ಸಾಲಿನಿಂದ. ಮುಂದಿನ ಸಾಲಿನಲ್ಲಿ ಕೂತಿದ್ದ ಅವ್ವನನ್ನು ಹೇಗಿತ್ತು ಅಂತ ಕೇಳಿದೆ. "ನೀರು ಬಂತು ಬುಡು" ಅಂದಳು. ಪಂಪು ರಿಪೇರಿಯಾದ ದಿನ ಗದ್ದೆಯ ಬದುವಿನ ಮೇಲೆ ನಿಂತು ಹೇಳುತ್ತಿದ್ದದ್ದು ಅದೇ ಮಾತು, ಅದೇ ದನಿ. ನನಗೆ ಇನ್ಯಾವ ಪ್ರಶಸ್ತಿಯೂ ಬೇಡ.

ಮುಂದಿನ ಸೋಮವಾರ ಲ್ಯಾಬ್ ರೆಕಾರ್ಡುಗಳು ಮೇಜಿಗೆ ಬಂದವು. ಮೊದಲ ಪುಸ್ತಕದಲ್ಲೇ ಒಬ್ಬ ಹುಡುಗ ಅದೇ ವರ್ನಿಯರ್ ಹಿಡಿದು, ಅದೇ 0.3 ಕೂಡಿಸುವುದನ್ನು ಮರೆತು, ಚೆಂದದ ಅಕ್ಷರದಲ್ಲಿ ತಪ್ಪು ಉತ್ತರ ಬರೆದಿದ್ದ. ಕೆಂಪು ಪೆನ್ನು ಎತ್ತಿದವಳು ಒಂದು ಗಳಿಗೆ ತಡೆದೆ. ಬಿಟ್ಟುಬಿಡಲೇ ಅನ್ನಿಸಿತು. ಆಮೇಲೆ ಅರ್ಧ ಅಂಕ ಕಳೆದೇ ಬಿಟ್ಟೆ. ನನ್ನದನ್ನು ಆರನೇ ಸ್ಕ್ರೂ ಕಳೆದಿತ್ತು. ಪಾಪ, ಈ ಹುಡುಗನ ಹತ್ತಿರ ಗಿಟಾರೂ ಇಲ್ಲ. ಇವನದನ್ನು ನಾನೂ ಕಳೆಯದಿದ್ದರೆ ಇನ್ಯಾರು ಕಳೆಯಬೇಕು?