ದಿವಾವರೆಗಿನ ಲಂಡನ್

ಪುಂಡರೀಕಾಕ್ಷನಿಗೆ ಚೆಸ್ಸಿನ ಹುಚ್ಚು ಹಿಡಿದದ್ದು ಕಿಟಕಿಯ ಸೀಟಿನ ಆಸೆಯಿಂದ. ಡೊಂಬಿವಲಿಯಿಂದಲೇ ಹೊರಡುವ ಬೆಳಗಿನ ಮುಂಬಯಿ ಲೋಕಲ್‌ನಲ್ಲಿ ಆರು ವರ್ಷಗಳಿಂದ ಅವನದು ಮೂವರ ಬೆಂಚಿನ ನಾಲ್ಕನೇ ಸೀಟು. ಎಂದರೆ ಅರ್ಧ ಕುಂಡೆ ಸೀಟಿನ ಮೇಲೆ, ಅರ್ಧ ಗಾಳಿಯಲ್ಲಿ. ಕಿಟಕಿ ದೇಜಪ್ಪನದು. ಹೆಸರು ಕೊಟ್ಟ ಬೇರೆಯವರೆಲ್ಲ ಹಿಂದೆ ಸರಿದು ಕನ್ನಡ ಸಂಘದ ಚೆಸ್ ಟೂರ್ನಮೆಂಟಿನ ಫೈನಲ್‌ಗೆ ಇವರಿಬ್ಬರೇ ಉಳಿದಾಗ, ನಡುವೆ ಕೂರುವ ಗುಣಪಾಲ ಪಂದ್ಯ ಕಟ್ಟಿಸಿದ.

"ಗೆದ್ದವನಿಗೆ ಕಪ್ಪೂ ಉಂಟು, ವಿಂಡೋ ಸೀಟೂ ಉಂಟು. ಆಗಬಹುದಾ?"

ಇಬ್ಬರೂ ಒಪ್ಪಿದರು.

ಪುಂಡರೀಕಾಕ್ಷ 'ಲಂಡನ್ ಸಿಸ್ಟಮ್' ಎಂಬ ಆರಂಭದ ಆಟವನ್ನು ಒಂದು ತಿಂಗಳು ಗಾಡಿಯಲ್ಲೇ ಮೊಬೈಲಿನಲ್ಲಿ ಕಲಿತ. ಇಯರ್‌ಫೋನ್ ಅವನ ಜಾಯಮಾನಕ್ಕೆ ಒಗ್ಗದು. ಗಾಡಿಯ ಇಡೀ ಡಬ್ಬಕ್ಕೆ ಕೇಳುವಂತೆ ವಿಡಿಯೊ ಹಾಕಿ, ಸಾಲದೆಂಬಂತೆ ತಾನೂ ವಿವರಿಸುತ್ತಿದ್ದ. ಹನ್ನೊಂದನೇ ನಡೆಗೆ ಸರಿಯಾಗಿ ದಿವಾ ಸ್ಟೇಷನ್ ಬಂದು, ಜನ ಮೈಮೇಲೆ ಬಿದ್ದು, ಮೊಬೈಲು ಕಿಸೆ ಸೇರುತ್ತಿತ್ತು. ಮರುದಿನ ಮತ್ತೆ ಮೊದಲಿನಿಂದ. ಉಳಿದದ್ದನ್ನು ಮನೆಯಲ್ಲಿ ಕೂತು ನೋಡಬಹುದೆಂದು ಆ ಮಹಾಶಯನಿಗೆ ಹೊಳೆಯಲೇ ಇಲ್ಲ.

ಭಾನುವಾರ ಸಂಘದ ಹಾಲ್ ತುಂಬಿತ್ತು. ಗುಣಪಾಲನೇ ರೆಫ್ರಿ, ಏಕೆಂದರೆ ಚೆಸ್ ಗಡಿಯಾರ ಅವನದು.

"ದೇಜಪ್ಪಣ್ಣ, ನಾಳೆಯಿಂದ ನಾಲ್ಕನೇ ಸೀಟು ಅಭ್ಯಾಸ ಮಾಡಿ," ಎಂದು ಪುಂಡರೀಕಾಕ್ಷ ಮೀಸೆ ತಿರುವಿ ಆಟ ಶುರು ಮಾಡಿದ.

ಅವನು ಪಟಪಟನೆ ನಡೆಸಿದ. ದೇಜಪ್ಪನೂ ಪಟಪಟನೆ ಉತ್ತರ ಕೊಟ್ಟ. ಐದೇ ನಿಮಿಷದಲ್ಲಿ ಹನ್ನೊಂದು ನಡೆ ಮುಗಿದು, ಇಬ್ಬರೂ ಹರಳೆಣ್ಣೆ ಕುಡಿದವರಂತೆ ಕೂತರು.

"ಎಂತ ಯೋಚನೆ, ಎಂತ ತಲೆ ಮಾರಾಯ್ರೆ!" ಎಂದರು ಹಿಂದೆ ನಿಂತವರು. ಆ ಎರಡು ತಲೆಗಳಲ್ಲಿ ಏನೂ ಇರಲಿಲ್ಲ.

"ಮುಂದಿನದ್ದು ನಿಮಗೂ ಗೊತ್ತಿಲ್ವಾ?" ಪುಂಡರೀಕಾಕ್ಷ ಪಿಸುಗುಟ್ಟಿದ.

"ನೀನು ಹಾಕಿದಷ್ಟೇ ಅಲ್ವಾ ನಾನು ಕೇಳಿದ್ದು! ದಿವಾದಲ್ಲಿ ಬಂದ್ ಮಾಡ್ತಿದ್ದಿಯಲ್ಲ."

"ಹಾಗಾದ್ರೆ ಡ್ರಾ?"

"ಡ್ರಾ."

ಕೈ ಕುಲುಕಿದರು. ಸಭೆ ಚಪ್ಪಾಳೆ ತಟ್ಟಿತು. ಬಹುಮಾನದ ಕಪ್ಪು ಸಂಘದ ಕಪಾಟಿಗೆ ಮರಳಿತು.

ಮರುದಿನ ಗಾಡಿ ಹತ್ತಿದರೆ ಕಿಟಕಿಯಲ್ಲಿ ಗುಣಪಾಲ! ಕಿವಿಗೆ ಇಯರ್‌ಫೋನ್, ಕೈಯಲ್ಲಿ ಅದೇ ವಿಡಿಯೊ.

"ಗೆದ್ದವನಿಗೆ ವಿಂಡೋ ಅಂತ ಮಾತು. ನೀವಿಬ್ಬರೂ ಗೆಲ್ಲಲಿಲ್ಲ. ರಿಮ್ಯಾಚ್‌ವರೆಗೆ ರೆಫ್ರಿ ಕೂರ್ತಾನೆ."

ದೇಜಪ್ಪ ಗೊಣಗುತ್ತ ನಡುವಿಗೆ ಸರಿದ. ಪುಂಡರೀಕಾಕ್ಷನಿಗೆ ಉಳಿದದ್ದು ಅದೇ ಅರ್ಧ ಗಾಳಿ. ಅವನಿಗೆ ಅಳುವೇ ಬಂತು.

"ಹನ್ನೆರಡನೇದು ಭಾರಿ ಸುಲಭ ಮಾರಾಯ," ಎಂದ ಗುಣಪಾಲ. "ಅದೊಂದು ಆಡಿದ್ರೆ ದೇಜಪ್ಪನ ರಾಣಿ ಹೋಗ್ತಿತ್ತು."

"ಯಾವುದದು? ಹೇಳಿ ಗುಣಪಾಲಣ್ಣ, ಬೇಗ!"

ಗುಣಪಾಲ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ದಿವಾ ಬಂತು. ಯಾರದೋ ಊಟದ ಡಬ್ಬಿಯ ಚೀಲ ಪುಂಡರೀಕಾಕ್ಷನ ಮುಖದ ಮೇಲೆ ಕೂತಿತು, ಥಾಣೆ ಸ್ಟೇಷನ್‌ವರೆಗೂ ಏಳಲಿಲ್ಲ.