ಎಂಟರಲ್ಲಿ ಮುಗಿಯದ ಚೌಕವೂ ಮಿಕ್ಕ ಎರಡು ಹಾಸುಗಲ್ಲುಗಳೂ

ಸಂಖ್ಯೆ: ನೆಲ/ಚೌಕ/೫೭೮/ತಿದ್ದುಪಡಿ-೩

ವಿಷಯ: ಸಭಾಂಗಣಕ್ಕೆ ೫೭೮ ಕಲ್ಲುಗಳನ್ನು ಪೂರ್ಣ ಚೌಕವಾಗಿ ಹಾಸುವ ಹಾಗೂ ಮೇಸ್ತ್ರಿಯ ರಜೆಯ ಕುರಿತು.

ಉಲ್ಲೇಖ: ನಿರ್ದೇಶಕರು ಊಟಕ್ಕೆ ಏಳುವ ಅವಸರದಲ್ಲಿ ಸಹಿ ಮಾಡಿದ ಆದೇಶ.

ಉದ್ದಗಲ ಸಮನಾಗಿ ೫೭೮ ಕಲ್ಲು ಹಾಸಲು ಮೇಸ್ತ್ರಿಗೆ ಆದೇಶಿಸಲಾಗಿತ್ತು. ಸದರಿಯವರು ಇಪ್ಪತ್ನಾಲ್ಕು ಸಾಲು, ಸಾಲಿಗೆ ಇಪ್ಪತ್ನಾಲ್ಕರಂತೆ ೫೭೬ ಹಾಸಿ, ಎರಡನ್ನು ಮಿಗಿಸಿ, ಮಗಳಿಗೆ ಹೆರಿಗೆಯಾಗಿದೆಯೆಂದು ರಜೆ ಕೋರಿರುತ್ತಾರೆ. ಕಾರಣ ಕೇಳಲಾಗಿ ನೀಡಿದ ಹೇಳಿಕೆ ಯಥಾವತ್ತಾಗಿ: "ಸಾಹೇಬ್ರೇ, ಯಾವ ಸಂಖ್ಯೆನ ಅದರಿಂದ್ಲೇ ಗುಣಿಸಿದ್ರೂ ಕೊನೇಲಿ ಎರಡು, ಮೂರು, ಏಳು, ಎಂಟು ಬರೋದೇ ಇಲ್ಲ. ತಿಪ್ಪರಲಾಗ ಹಾಕಿದ್ರೂ ಬರಲ್ಲ. ಮೊಮ್ಮಗಳ ಮುಖ ನೋಡ್ಕೊಂಡು ಬರ್ತೀನಿ, ಬಿಡಿ."

ಈ ಸಂಬಂಧ ಕೆಳಕಂಡಂತೆ ಸೂಚಿಸಲಾಗಿದೆ:

೧. ಸಹಿ ಬಿದ್ದ ಸಂಖ್ಯೆ ತಪ್ಪಾಗಿರಲು ಅವಕಾಶವಿಲ್ಲದ ಕಾರಣ, ತಪ್ಪು ಗುಣಾಕಾರದ್ದೆಂದು ತೀರ್ಮಾನಿಸಲಾಗಿದೆ.

೨. ಚೌಕಗಳ ಕೊನೆಯಲ್ಲಿ ಕವಡೆ ಕಿಮ್ಮತ್ತಿಲ್ಲದ ಸೊನ್ನೆಯೂ ಜೋಡಿ ಸಮೇತ ಕುಳಿತಿರುವಾಗ, ಎಂಟಕ್ಕೆ ಜಾಗವಿಲ್ಲವೆಂಬುದು ಘೋರ ಅನ್ಯಾಯ.

೩. ೧೧ರ ಚೌಕ ೧೨೧, ೧೧೧ರದ್ದು ೧೨೩೨೧. ಹತ್ತಿದ ಮೆಟ್ಟಿಲನ್ನೇ ಇಳಿಯುವ ಈ ಶಿಸ್ತು ಶ್ಲಾಘನೀಯ. ಆದರೆ ಹತ್ತು ಒಂದುಗಳು ಕೂಡಿದೊಡನೆ ಶಿಸ್ತು ಕೆಡುವುದರಿಂದ, ಒಂಬತ್ತಕ್ಕಿಂತ ಹೆಚ್ಚು ಒಂದುಗಳು ಗುಂಪುಗೂಡುವುದನ್ನು ನಿಷೇಧಿಸಲಾಗಿದೆ.

೪. ೫೭೮ ಚೌಕವಾಗುವವರೆಗೆ ರಜೆಯಿಲ್ಲವೆಂದೂ, ಮಿಕ್ಕ ಎರಡು ಕಲ್ಲುಗಳನ್ನು ಮೇಸ್ತ್ರಿಯೇ ಸಾಕ್ಷ್ಯವಾಗಿ ನಿರ್ದೇಶಕರ ಮೇಜಿನ ಮೇಲಿಡಬೇಕೆಂದೂ, ಆಮೇಲೆ ನಿರ್ದೇಶಕರಾದಿಯಾಗಿ ಯಾರೂ ಅವನ್ನು ಮುಟ್ಟತಕ್ಕದ್ದಲ್ಲವೆಂದೂ ತಿದ್ದುಪಡಿ-೨ರಲ್ಲಿ ಆದೇಶಿಸಲಾಗಿತ್ತು. ಮೇಸ್ತ್ರಿಯು ಚಾಚೂತಪ್ಪದೆ ಪಾಲಿಸಿರುತ್ತಾರೆ.

೫. ಪಾಲಿಸುವಾಗ ಸದರಿಯವರು ಮೊದಲು ಹೊಸ ರಜೆ ಅರ್ಜಿಯನ್ನಿಟ್ಟು, ಅದರ ಮೇಲೆ ಕಲ್ಲುಗಳನ್ನಿಟ್ಟಿರುವುದು, ಕಲ್ಲಿನಡಿಯಿಂದ ಇಣುಕುವ ತಲೆಬರಹದಿಂದ ಈಗ ಗಮನಕ್ಕೆ ಬಂದಿದೆ. ಕಲ್ಲೆತ್ತದೆ ಅರ್ಜಿ ಓದುವಂತಿಲ್ಲ. ಓದದೆ ತಿರಸ್ಕರಿಸುವಂತಿಲ್ಲ. ಮೂರು ದಿನದೊಳಗೆ ತಿರಸ್ಕರಿಸದ ರಜೆ ನಿಯಮದಂತೆ ಮಂಜೂರು. ಇಂದು ನಾಲ್ಕನೆಯ ದಿನ.

೬. ಸಭಾಂಗಣದ ಮೂಲೆಯಲ್ಲಿ ಗಾರೆ ಮೆತ್ತುವ ಕರಣೆ ತೊಳೆದಿಟ್ಟಿರುವುದು ಕಂಡುಬಂದಿದ್ದು, ಮೇಸ್ತ್ರಿಯು ಮೊಮ್ಮಗಳ ಬಳಿ ಇದ್ದಾರೆಂದು ಎಲ್ಲರೂ ಭಾವಿಸತಕ್ಕದ್ದು.

ಸಹಿ/-
ನಿರ್ದೇಶಕರ ಪರವಾಗಿ
(ನಿರ್ದೇಶಕರ ಮೇಜಿನ ಮೇಲೆ ಸಹಿ ಮಾಡಲು ಜಾಗವಿಲ್ಲದ ಕಾರಣ)

ಪ್ರತಿಗಳು:
೧. ಗುಣಾಕಾರದ ಮಗ್ಗಿಗೆ: ಏಳು ದಿನದೊಳಗೆ ಸಮಜಾಯಿಷಿ ನೀಡಲು.
೨. ಅಂಕಿ ಎಂಟಕ್ಕೆ: ಸಾಂತ್ವನಕ್ಕಾಗಿ.
೩. ಮೊಮ್ಮಗಳಿಗೆ, ವಯಸ್ಸು ಒಂಬತ್ತು ದಿನ: ಅಜ್ಜನನ್ನು ಬೇಗ ಕಳುಹಿಸಿಕೊಡಲು. ಮುಂದಿನ ಸಭಾಂಗಣಕ್ಕೆ ೯೦೨ ಕಲ್ಲುಗಳ ಚೌಕವೆಂದು ಈಗಾಗಲೇ ಸಹಿಯಾಗಿದೆ.