ಏಳೂವರೆ ಸುತ್ತು

ನನಗೆ ನಡೆಯಲು ಬರುವುದಿಲ್ಲ ಎಂಬ ಸಂಗತಿ ನನಗೆ ತಿಳಿದದ್ದು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ. ಈಜು ಬರುವುದಿಲ್ಲ, ಹಾಡು ಬರುವುದಿಲ್ಲ, ಲೆಕ್ಕ ಬರುವುದಿಲ್ಲ ಎಂದು ಜನ ಸಂಕೋಚವಿಲ್ಲದೆ ಹೇಳಿಕೊಳ್ಳುತ್ತಾರೆ. ಕೆಲವರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ನಡೆಯಲು ಬರುವುದಿಲ್ಲ ಎಂದವರನ್ನು ಮಾತ್ರ ನಾನು ನೋಡಿಲ್ಲ. ನಾನಂತೂ ದಿನವೂ ದೆಹಲಿಯ ಮಯೂರ್ ವಿಹಾರದ ನಮ್ಮ ಫ್ಲಾಟಿನಿಂದ ಮೆಟ್ರೋಗೆ ಹತ್ತು ನಿಮಿಷ, ನೋಯ್ಡಾದಲ್ಲಿ ಇಳಿದು ಆಫೀಸಿಗೆ ಹನ್ನೆರಡು ನಿಮಿಷ, ಸಂಜೆ ಅಷ್ಟನ್ನೇ ತಿರುಗಿ ನಡೆಯುವವಳು. ಕಾಲು ಎತ್ತಿ ಇಡುವುದಕ್ಕೂ ಒಂದು ನಿಯಮವಿದೆ, ಅದನ್ನು ಮುರಿದವರನ್ನು ಹಿಡಿಯಲು ಕೈಯಲ್ಲಿ ಹಳದಿ ಫಲಕ ಹಿಡಿದುಕೊಂಡು ಜನ ಕಾದು ನಿಂತಿರುತ್ತಾರೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಅದನ್ನು ನನಗೆ ತಿಳಿಸಿಕೊಟ್ಟ ಪುಣ್ಯ ನಮ್ಮ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿ ಭಾಟಿಯಾಜಿಯವರದು.

ಪ್ರತಿವರ್ಷ ಚಳಿ ಸ್ವಲ್ಪ ಸಡಿಲಾಗುವ ಹೊತ್ತಿಗೆ ನಮ್ಮ ಕಡೆಯ, ನೋಯ್ಡಾದ ಮತ್ತು ಘಾಜಿಯಾಬಾದಿನ ಸೊಸೈಟಿಗಳೆಲ್ಲ ಸೇರಿ ಒಂದು ಕ್ರೀಡಾಕೂಟ ನಡೆಸುತ್ತವೆ. ಚೆಸ್, ಕೇರಂನಿಂದ ಹಿಡಿದು ಖೋಖೋ, ಬ್ಯಾಡ್ಮಿಂಟನ್, ಓಟ, ಗುಂಡೆಸೆತದವರೆಗೆ ಎಲ್ಲವೂ ಇರುತ್ತವೆ. ನಮ್ಮದು ಹಳೆಯ ಸೊಸೈಟಿ. ಇಲ್ಲಿನ ಬಹುಪಾಲು ನಿವಾಸಿಗಳು ನಿವೃತ್ತರು. ಹಾಗಾಗಿ ಕೂತು ಆಡುವ ಆಟಗಳಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಎದ್ದು ಆಡುವ ಆಟಗಳಿಗೆ ನಾವು ಹೋಗುವುದೇ ಇಲ್ಲ. ಈ ವರ್ಷ ಹೊಸದೊಂದು ನಿಯಮ ಬಂತು. ಓಟದ ಅಂಗಳದ ಸ್ಪರ್ಧೆಗಳಲ್ಲಿ ನಲವತ್ತೈದು ದಾಟಿದ ಒಬ್ಬ ಮಹಿಳೆಯಾದರೂ ಭಾಗವಹಿಸಿ, ಪೂರ್ತಿ ಮುಗಿಸಿರಬೇಕು. ಇಲ್ಲದಿದ್ದರೆ ಆ ಸೊಸೈಟಿಯನ್ನು ಸಮಗ್ರ ಟ್ರೋಫಿಗೆ ಪರಿಗಣಿಸುವುದಿಲ್ಲ. ಒಂದು ಭಾನುವಾರ ಬೆಳಿಗ್ಗೆ ಭಾಟಿಯಾಜಿ ಅರ್ಜಿ, ಪೆನ್ನು ಎರಡನ್ನೂ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಭಾಭೀಜಿ, ಮೂರು ಸಾವಿರ ಮೀಟರ್ ವೇಗದ ನಡಿಗೆ. ಓಡೋದಿಲ್ಲ, ಹಾರೋದಿಲ್ಲ. ಸಿರ್ಫ್ ಚಲ್‌ನಾ ಹೈ!" ಎಂದರು. ದಿನಾ ಬೆಳಿಗ್ಗೆ ನಾನು ಮೆಟ್ರೋಗೆ ಹೋಗುವ ರಭಸವನ್ನು ಅವರು ಬಾಲ್ಕನಿಯಿಂದ ನೋಡುತ್ತಿದ್ದರಂತೆ.

ಹೊಗಳಿಕೆಗೆ ನಾನು ಬಹಳ ಬೇಗ ಬೀಳುತ್ತೇನೆ. ಅದಕ್ಕಿಂತ ದೊಡ್ಡದೊಂದು ಆಸೆಯೂ ಇತ್ತು. ದಾವಣಗೆರೆಯ ನಮ್ಮ ಶಾಲೆಯಲ್ಲಿ ಕ್ರೀಡಾದಿನ ಬಂದರೆ ಮೇಷ್ಟ್ರು ನನಗೆ ಕೊಡುತ್ತಿದ್ದದ್ದು ಒಂದೇ ಕೆಲಸ: ಗೆಲ್ಲುವವರ ಎದೆಗೆ ತಾಗುವ ದಾರದ ಒಂದು ತುದಿ ಹಿಡಿದು ನಿಲ್ಲುವುದು. "ಇವಳು ಅಲ್ಲಾಡೋದಿಲ್ಲ" ಎಂಬುದು ಕ್ರೀಡೆಯಲ್ಲಿ ನನಗೆ ಸಿಕ್ಕ ಏಕೈಕ ಮೆಚ್ಚುಗೆ. ಸಹಿ ಮಾಡಿಕೊಟ್ಟೆ. ಮೂರು ಸಾವಿರ ಮೀಟರ್ ಎಂದರೆ ಅಂಗಳಕ್ಕೆ ಏಳೂವರೆ ಸುತ್ತು ಎಂದು ಭಾಟಿಯಾಜಿ ವಿವರಿಸಿದಾಗ, ಪೇಪರಿನ ಹಿಂದಿನಿಂದ ನಮ್ಮ ಯಜಮಾನರು, "ಏಳೂವರೆಯಾ? ಶನಿಕಾಟಾನೇ ಹಿಡೀತು ಅನ್ನು" ಎಂದರು. ಹದಿನೈದು ವರ್ಷದ ಮಗಳು ನಿಧಿ ಮಾತ್ರ ನಗಲಿಲ್ಲ. "ಅಮ್ಮಾ, ಪ್ಲೀಸ್, ಮತ್ ಕರೋ ನಾ. ನೀನು ಯೂಟ್ಯೂಬಲ್ಲಿ ನೋಡಿದ್ದೀಯಾ ಅದು ಹೇಗಿರತ್ತೆ ಅಂತ?"

ನೋಡಿರಲಿಲ್ಲ. ಮೊದಲು ನೋಡಿದ್ದು ಸದಾನಂದಣ್ಣನ ಹೋಟೆಲಿನಲ್ಲಿ. ಮಾರ್ಕೆಟ್ಟಿನ ಮೂಲೆಯಲ್ಲಿರುವ ಆ ಹೋಟೆಲಿಗೆ ನಾವು ಭಾನುವಾರ ದೋಸೆಗೆ ಹೋಗುತ್ತೇವೆ. ಮಾಲೀಕರು ಕುಂದಾಪುರದ ಕಡೆಯವರು, ಅರವತ್ತು ದಾಟಿದವರು, ಕೌಂಟರ್ ಬಿಟ್ಟು ಏಳುವುದೇ ಅಪರೂಪ. ಮಾತಿಗೆ ಮಾತು ಬಂದು ವೇಗದ ನಡಿಗೆ ಎಂದೆ, ಅಷ್ಟೆ. ಮನುಷ್ಯನ ಮುಖವೇ ಬದಲಾಯಿತು.

"ಎಂಥ? ನೀವಾ? ನಾನು ಜಿಲ್ಲೆಗೆ ನಡೆದವ ಮಾರಾಯ್ರೆ! ಮೂರು ವರ್ಷ ನಡೆದಿದ್ದೇನೆ!"

ದೆಹಲಿಗೆ ಬಂದು ಮೂವತ್ತು ವರ್ಷದಲ್ಲಿ ಆ ವಿಷಯ ಕೇಳುವವರು ಅವರಿಗೆ ಒಬ್ಬರೂ ಸಿಕ್ಕಿರಲಿಲ್ಲವಂತೆ. ಕೌಂಟರಿನಿಂದ ಹೊರಬಂದು, ಮೇಜುಗಳ ನಡುವಿನ ಓಣಿಯಲ್ಲಿ, ಅಡುಗೆಮನೆ ಬಾಗಿಲಿನಿಂದ ಕೈತೊಳೆಯುವ ತೊಟ್ಟಿಯವರೆಗೆ ನಡೆದು ತೋರಿಸಿದರು. ಮೊಣಕೈ ಮಡಚಿ, ಎದೆ ಎತ್ತಿ, ಸೊಂಟವನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳಿಸುತ್ತ, ಆ ದೊಡ್ಡ ಹೊಟ್ಟೆಯನ್ನು ಎಲ್ಲಿಯೂ ಕುಲುಕದಂತೆ ಸಾಗಿಸಿಕೊಂಡು ಹೋದರು. ಜನ ದೋಸೆ ತಿನ್ನುವುದನ್ನು ನಿಲ್ಲಿಸಿದರು. ನಿಧಿ ಮೆನು ಕಾರ್ಡಿನಲ್ಲಿ ಮುಖ ಮುಚ್ಚಿಕೊಂಡಳು. ನನಗೋ, ಅಷ್ಟು ಚೆಂದವಾಗಿ ಯಾರಾದರೂ ನಡೆದದ್ದನ್ನು ನಾನು ನೋಡಿಯೇ ಇಲ್ಲ ಅನ್ನಿಸಿತು.

ಮರುದಿನದಿಂದ ಬೆಳಿಗ್ಗೆ ಆರಕ್ಕೆ ಪಾರ್ಕಿನಲ್ಲಿ ನನ್ನ ಪಾಠ ಶುರುವಾಯಿತು. ನಿಯಮ ಎರಡೇ. ಒಂದು ಪಾದವಾದರೂ ಯಾವಾಗಲೂ ನೆಲದ ಮೇಲಿರಬೇಕು. ಮುಂದಿಟ್ಟ ಕಾಲಿನ ಹಿಮ್ಮಡಿ ನೆಲಕ್ಕೆ ತಾಗಿದಾಗಿನಿಂದ ಆ ಕಾಲು ಮೈಯ ಕೆಳಕ್ಕೆ ಬಂದು ನೆಟ್ಟಗಾಗುವವರೆಗೆ ಮೊಣಕಾಲು ಬಾಗಬಾರದು. ತಪ್ಪುವ ಹಾಗೆ ಕಂಡರೆ ತೀರ್ಪುಗಾರರು ಹಳದಿ ಫಲಕ ತೋರಿಸಿ ಎಚ್ಚರಿಸುತ್ತಾರೆ. ತಪ್ಪಿದರೆ ಕೆಂಪು ಚೀಟಿ ಬರೆಯುತ್ತಾರೆ. ಮೂವರು ಬರೆದರೆ ಸ್ಪರ್ಧೆಯಿಂದ ಹೊರಗೆ. ಕೇಳುವಾಗ ಸುಲಭ. ನಡೆದರೆ, ಪಾದದ ಕಡೆ ಗಮನ ಕೊಟ್ಟಾಗ ಮೊಣಕಾಲು ಬಾಗುತ್ತಿತ್ತು, ಮೊಣಕಾಲಿನ ಕಡೆ ನೋಡಿದಾಗ ಕೈಗಳು ರೊಟ್ಟಿ ತಟ್ಟುತ್ತಿದ್ದವು. "ಮೊಣಕಾಲು! ಮೊಣಕಾಲು ಮಾರಾಯ್ರೆ!" ಎಂದು ಸದಾನಂದಣ್ಣ ಬೆಂಚಿನ ಮೇಲೆ ನಿಂತು ಮಂಜಿನೊಳಗೆ ಕೂಗುತ್ತಿದ್ದರು. ಆರೋಗ್ಯಕ್ಕೆಂದು ಪಾರ್ಕಿನಲ್ಲಿ ಸೇರಿ ನಗುವ ನಗೆಕೂಟದ ಹಿರಿಯರಿಗೆ ನನ್ನನ್ನು ನೋಡಿದ ಮೇಲೆ ಕೃತಕವಾಗಿ ನಗುವ ಅಗತ್ಯ ಬೀಳಲಿಲ್ಲ. ಅವರಲ್ಲೊಬ್ಬರು ಬಹಳ ಕನಿಕರದಿಂದ ಹತ್ತಿರ ಬಂದು, ಸೊಂಟನೋವಿಗೆ ಲಕ್ಷ್ಮೀನಗರದಲ್ಲೊಬ್ಬ ಒಳ್ಳೆಯ ವೈದ್ಯನಿದ್ದಾನೆ ಎಂದು ವಿಳಾಸ ಬರೆದುಕೊಟ್ಟರು.

ಇದೆಲ್ಲ ನನಗೆ ಅಷ್ಟಾಗಿ ತಾಗಲಿಲ್ಲ. ತಾಗಿದ್ದು ಬೇರೆ. ಒಂದು ಬೆಳಿಗ್ಗೆ ನಿಧಿ ಗೆಳತಿಯೊಬ್ಬಳ ಜೊತೆ ಶಾಲೆಗೆ ಹೊರಟಿದ್ದಳು. ಪಾರ್ಕಿನ ಬೇಲಿಯಾಚೆ ಗೆಳತಿ ನಿಂತು, ನನ್ನತ್ತ ಕೈತೋರಿಸಿ ಏನೋ ಕೇಳಿದಳು. "ಪತಾ ನಹೀ ಯಾರ್, ಕೌನ್ ಹೈ" ಎಂದು ನನ್ನ ಮಗಳು ಹೇಳಿ, ಬೇಗ ಬೇಗ ನಡೆದಳು. ಎರಡೂ ಮೊಣಕಾಲು ಬಾಗಿಸಿಕೊಂಡೇ ನಡೆದಳು.

ಸಂಜೆ ಕೇಳಿದೆ. "ನಾನು ಯಾರು ಅಂತ ಗೊತ್ತಿಲ್ವೇನೇ ನಿಂಗೆ?"

ಅವಳ ಕಣ್ಣು ತುಂಬಿತು. "ಸಾರಿ ಅಮ್ಮಾ. ಆದ್ರೆ ಅದು ಹೇಗೆ ಕಾಣತ್ತೆ ಅಂತ ನಿಂಗೆ ಗೊತ್ತಿಲ್ಲ. ಲೋಗ್ ವಿಡಿಯೋ ಮಾಡ್ತಾ ಇದ್ರು."

ಕೋಣೆಗೆ ಹೋಗಿ ಬೀರುವಿನ ಕನ್ನಡಿಯ ಮುಂದೆ ನಾಲ್ಕು ಹೆಜ್ಜೆ ನಡೆದು ನೋಡಿದೆ. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅರ್ಧಕ್ಕೇ ಬಿಟ್ಟುಬಿಡುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ: ವೀಣೆ ಬಿಟ್ಟಿದ್ದೇನೆ, ಕಾರು ಓಡಿಸುವುದು ಬಿಟ್ಟಿದ್ದೇನೆ, ಉರ್ದು ಲಿಪಿಯನ್ನು ಆರನೆಯ ಅಕ್ಷರಕ್ಕೆ ಬಿಟ್ಟಿದ್ದೇನೆ. ಇದನ್ನೂ ಬಿಡಬಹುದಿತ್ತು, ಮನೆಯಲ್ಲಿ ಯಾರೂ ಬೇಡವೆನ್ನುತ್ತಿರಲಿಲ್ಲ. ಆದರೆ ಕನ್ನಡಿಯಲ್ಲಿ ಇನ್ನೊಂದೂ ಕಂಡಿತು. ಆ ನಾಲ್ಕು ಹೆಜ್ಜೆಯಲ್ಲಿ ಮೊಣಕಾಲು ಒಮ್ಮೆಯೂ ಬಾಗಿರಲಿಲ್ಲ. ಹೊರಗೆ ಬಂದು, "ನಿಧಿ, ನೀನು ಬರೋದು ಬೇಡ, ನೋಡೋದೂ ಬೇಡ. ನಾನು ಏಳೂವರೆ ಸುತ್ತು ನಡದೇ ನಡೀತೀನಿ" ಎಂದೆ. ನನ್ನ ದನಿ ಕೇಳಿ ನಮ್ಮ ಯಜಮಾನರು ಟಿವಿಯ ಸದ್ದು ಕಡಿಮೆ ಮಾಡಿದರು.

ಸ್ಪರ್ಧೆ ನೋಯ್ಡಾದ ಒಂದು ಕ್ರೀಡಾಂಗಣದಲ್ಲಿ. ನಾವು ಆರು ಮಂದಿ ಹೆಂಗಸರು. ನನ್ನ ಎಡಕ್ಕೆ ನೋಯ್ಡಾದ ಈಜುಕೊಳವಿರುವ ಸೊಸೈಟಿಯಾಕೆ, ಅಡಿಯಿಂದ ಮುಡಿಯವರೆಗೆ ಕ್ರೀಡಾ ಉಡುಪಿನಲ್ಲಿ. ಬಲಕ್ಕೆ ಘಾಜಿಯಾಬಾದಿನ ಒಬ್ಬ ಟೀಚರ್, ಕಣ್ಣು ಮುಚ್ಚಿ ಹನುಮಂತನನ್ನು ನೆನೆಯುತ್ತಿದ್ದರು. ಅರ್ಧ ಸುತ್ತು ಸೇರಿದ್ದರಿಂದ ನಮ್ಮನ್ನು ಆಚೆ ಬದಿಯಲ್ಲಿ ಹೊರಡಿಸಿದರು. ಲೆಕ್ಕ ತಪ್ಪಬಾರದೆಂದು ನಾನು ಎಡಗೈಗೆ ಏಳು ರಬ್ಬರ್ ಬ್ಯಾಂಡ್ ಹಾಕಿಕೊಂಡಿದ್ದೆ. ಮೊದಲಿನ ಅರ್ಧವನ್ನು ಬಿಟ್ಟು, ಆಮೇಲೆ ಸುತ್ತು ಮುಗಿದಂತೆಲ್ಲ ಒಂದೊಂದನ್ನು ಬಲಗೈಗೆ ದಾಟಿಸುವುದು. ಈ ಉಪಾಯವನ್ನು ಕೇಳಿ ಸದಾನಂದಣ್ಣ ಕೂಡ ತಲೆದೂಗಿದ್ದರು.

ಹೊರಟೆವು. ಎರಡು ಸುತ್ತು ಸುಖವಾಗಿ ಕಳೆಯಿತು. ಮೂರರಲ್ಲಿ ಹಳದಿ ಫಲಕ ಕಂಡಿತು. ಅದರ ಬೆನ್ನಿಗೇ ತೀರ್ಪುಗಾರರ ಹಲಗೆಯ ಮೇಲೆ ನನ್ನ ನಂಬರಿನ ಮುಂದೆ ಒಂದು ಕೆಂಪು ಚುಕ್ಕೆ. ನಾಲ್ಕರಲ್ಲಿ ನೋಯ್ಡಾದಾಕೆಗೆ ಮೂರು ಕೆಂಪಾಗಿ ಹೊರಗೆ ಕರೆದರು. ಆಕೆ ಹೋಗುತ್ತ ತೀರ್ಪುಗಾರರಿಗೆ ಇಂಗ್ಲಿಷಿನಲ್ಲಿ ಬೈದರು. ಇನ್ನೊಬ್ಬರೂ ಹೊರಬಿದ್ದರು. ಐದನೆಯ ಸುತ್ತು ಮುಗಿಸುತ್ತ ಹಲಗೆಯನ್ನು ನೋಡಿದರೆ ನನ್ನ ನಂಬರಿನ ಮುಂದೆ ಎರಡು ಕೆಂಪು! ಎದೆ ಧಸಕ್ಕೆಂದಿತು. ಇನ್ನೊಂದಾದರೆ ನಾನೂ ಹೊರಗೆ, ನಮ್ಮ ಸೊಸೈಟಿಯೂ ಹೊರಗೆ. ಮುಂದಿದ್ದ ಮೂವರನ್ನು ಅವರ ಪಾಡಿಗೆ ಬಿಟ್ಟೆ. ವೇಗ ಇಳಿಸಿ, ಒಂದೊಂದು ಹೆಜ್ಜೆಯನ್ನೂ ನೋಡಿ ನೋಡಿ ಇಡತೊಡಗಿದೆ.

ಅವರು ಮೂವರೂ ಮುಗಿಸಿದರು. ಅಂಗಳದಲ್ಲಿ ನಾನೊಬ್ಬಳೇ ಉಳಿದೆ. ಮುಂದಿನ ಸ್ಪರ್ಧೆಯಾದ ರಿಲೇಯ ಓಟಗಾರರು ಬೆಟನ್ ತಿರುಗಿಸುತ್ತ, ಕುಣಿಯುತ್ತ ಕಾಯುತ್ತಿದ್ದರು. ಮೈಕಿನವರು ನನಗೆ ಚಪ್ಪಾಳೆ ಕೊಡಿಸಿ ಸುಸ್ತಾದರು. ಕಾಲಿನ ಮುಂಭಾಗದ ಎಲುಬಿಗೆ ಬೆಂಕಿ ಹತ್ತಿದಂತಿತ್ತು. ಆಗ ಬೇಲಿಯ ಪಕ್ಕದಲ್ಲಿ ಯಾರೋ ನನ್ನ ಸಮಕ್ಕೆ ಓಡಿಬರುತ್ತಿರುವುದು ಕಂಡಿತು. "ಅಮ್ಮಾ! ಸೀದಾ! ಮೊಣಕಾಲು ಸೀದಾ ರಖ್ಖೋ! ಬಿಡಬೇಡ ಅಮ್ಮಾ!" ಬರುವುದು ಬೇಡ ಎಂದು ನಾನೇ ಹೇಳಿದ್ದ ಮಗಳು ಅಪ್ಪನ ಜೊತೆ ಬಂದು, ಅಲ್ಲಿಯತನಕ ಮೇಲಿನ ಸಾಲಿನಲ್ಲಿ ಟೋಪಿಯೊಳಗೆ ಮುಖ ಹುದುಗಿಸಿ ಕೂತಿದ್ದಳಂತೆ. ಆ ಒಂದು ಸುತ್ತನ್ನು ನಾನು ಯಾವ ಕಾಲಿನಿಂದ ನಡೆದೆನೋ ಗೊತ್ತಿಲ್ಲ. ಗೆರೆ ದಾಟಿದೆ.

"ಬಸ್, ಮೇಡಂ, ಹೋ ಗಯಾ!" ಎಂದು ಒಬ್ಬ ಅಧಿಕಾರಿ ಅಡ್ಡ ಬಂದರು. ನಾನು ಕೈ ನೋಡಿಕೊಂಡೆ. ಎಡಗೈಯಲ್ಲಿ ಇನ್ನೂ ಒಂದು ರಬ್ಬರ್ ಬ್ಯಾಂಡ್ ಇತ್ತು.

"ನಹೀ ಜೀ, ಏಕ್ ಬಾಕೀ ಹೈ!"

"ಅರೇ, ಹೋ ಗಯಾ ಮೇಡಂ! ರಿಲೇ ಲಗಾನೀ ಹೈ!"

ರಿಲೇ ಎಂದದ್ದೇ ತಡ, ನನಗೆ ಎಲ್ಲ ಅರ್ಥವಾಯಿತು. ತಡವಾಯಿತೆಂದು ನನ್ನನ್ನು ಮೆಲ್ಲಗೆ ಸಾಗಹಾಕಿ, ಆಮೇಲೆ ಪೂರ್ತಿ ಮುಗಿಸಿಲ್ಲವೆಂದು ಬರೆಯುವ ಹುನ್ನಾರ! ಅವರ ಪಕ್ಕದಿಂದ ನುಸುಳಿ ಮುಂದೆ ನಡೆದೆ. ಹಿಂದಿನಿಂದ ಎಲ್ಲರೂ ಕೂಗಿದರು. ನಿಧಿ ಕೂಗಿದಳು, ಸದಾನಂದಣ್ಣ ಎರಡೂ ಕೈ ಅಡ್ಡಡ್ಡ ಬೀಸುತ್ತ ಕೂಗಿದರು. ಹುರಿದುಂಬಿಸುತ್ತಿದ್ದಾರೆ ಎಂದುಕೊಂಡು ನಾನೂ ಕೈ ಬೀಸಿದೆ. ಅರ್ಧ ಸುತ್ತಿನಲ್ಲಿ ಮೊಣಕಾಲು ಮಾತು ಕೇಳದಾಯಿತು. ತಿರುವಿನಲ್ಲಿದ್ದ ತೀರ್ಪುಗಾರರು ನನ್ನ ಕಾಲನ್ನು ನೋಡಿ, ಮುಖ ನೋಡಿ, ಆಮೇಲೆ ಆಕಾಶ ನೋಡಿದರು. ಮೂರನೆಯ ಕೆಂಪು ಬಿತ್ತು ಎಂದುಕೊಂಡೆ. ಬಿದ್ದರೆ ಬೀಳಲಿ, ನಿಲ್ಲುವುದಿಲ್ಲ ಎಂದು ಹಲ್ಲು ಕಚ್ಚಿ ಮತ್ತೊಮ್ಮೆ ಗೆರೆ ದಾಟಿ, ಕೊನೆಯ ರಬ್ಬರ್ ಬ್ಯಾಂಡನ್ನು ಬಲಗೈಗೆ ಹಾಕಿ, ಹುಲ್ಲಿನ ಮೇಲೆ ಕೂತುಬಿಟ್ಟೆ.

ಮುಖ್ಯ ತೀರ್ಪುಗಾರ್ತಿ ಬಿಳಿ ಟೋಪಿಯ ಹಿರಿಯ ಮಹಿಳೆ, ಯಾವುದೋ ಶಾಲೆಯಲ್ಲಿ ವ್ಯಾಯಾಮ ಟೀಚರ್ ಆಗಿದ್ದವರಂತೆ. ಹಾಳೆ ಹಿಡಿದು ನನ್ನ ಪಕ್ಕದಲ್ಲಿ ಕೂತು, ಒಂದೊಂದೇ ಸುತ್ತಿನ ಮೇಲೆ ಬೆರಳಿಟ್ಟು ತೋರಿಸಿದರು. ನಾನು ಸ್ಪರ್ಧೆ ಮುಗಿಸಿ ಐದು ನಿಮಿಷವಾಗಿತ್ತು. ಎರಡನೆಯ ಕೆಂಪು ಚುಕ್ಕೆ ಕಂಡು ಎದೆ ಧಸಕ್ಕೆಂದಾಗ ರಬ್ಬರ್ ಬ್ಯಾಂಡ್ ದಾಟಿಸುವುದನ್ನು ಮರೆತಿದ್ದೆ. ಆಮೇಲೆ ನಡೆದದ್ದು ಲೆಕ್ಕಕ್ಕಿಲ್ಲ. ಆಮೇಲಿನ ತಪ್ಪೂ ಲೆಕ್ಕಕ್ಕಿಲ್ಲ. "ಬಹನ್‌ಜೀ, ಇಷ್ಟು ವರ್ಷದಲ್ಲಿ ಎಲ್ಲರೂ ಮುಗೀತು ಮುಗೀತು ಅಂತಲೇ ನನ್ನ ಹತ್ತಿರ ಜಗಳ ಆಡಿದ್ದಾರೆ. ಮುಗಿದಿಲ್ಲ ಅಂತ ಜಗಳ ಆಡಿದವರು ನೀವೇ ಮೊದಲು" ಎಂದು ಹಿಂದಿಯಲ್ಲಿ ಹೇಳಿ, ನನ್ನ ಬೆನ್ನು ತಟ್ಟಿ ಎದ್ದುಹೋದರು.

ನಿಧಿ ಓಡಿಬಂದು ನನ್ನ ಶೂಗಳ ದಾರ ಬಿಚ್ಚುತ್ತ ಬೈಯತೊಡಗಿದಳು. "ಪಾಗಲ್ ಹೋ ಕ್ಯಾ ಅಮ್ಮಾ? ಮುಗೀತು ಅಂತ ಎಷ್ಟು ಸಲ ಕೂಗಿದೆ!" ಬೈಯುತ್ತಲೇ ಮೂಗು ಒರೆಸಿಕೊಂಡಳು. ಸದಾನಂದಣ್ಣ ಅಂಗಳವನ್ನೇ ನೋಡುತ್ತ, "ಐದನೇ ಸುತ್ತು ಚೆಂದ ಇತ್ತು ಮಾರಾಯ್ರೆ, ಅಪ್ಪಟ ನಡಿಗೆ ಅದು" ಎಂದರು. ಎರಡನೆಯ ಕೆಂಪು ನನಗೆ ಬಿದ್ದದ್ದು ಅದೇ ಸುತ್ತಿನಲ್ಲಿ ಎಂದು ನಾನು ನೆನಪಿಸಲಿಲ್ಲ.

ಟ್ರೋಫಿ ನಮಗೆ ಬರಲಿಲ್ಲ, ಮೂರನೆಯವರಾದೆವು. ಪರಿಗಣಿಸಿದರಲ್ಲ ಎಂದು ಭಾಟಿಯಾಜಿ ಲಡ್ಡು ಹಂಚಿದರು. ಊರಿಗೆ ಫೋನು ಮಾಡಿ, ನಾನು ನಾಲ್ಕನೆಯ ಸ್ಥಾನ ಪಡೆದೆನೆಂದು ಅಕ್ಕನಿಗೆ ವಿವರಿಸುತ್ತಿದ್ದಾಗ ಯಜಮಾನರು ಪಕ್ಕದಿಂದ, "ಆರು ಜನ ಹೊರಟ್ರು, ಇಬ್ಬರು ಔಟಾದ್ರು. ನಾಲ್ಕನೆಯವಳು ಅಂದ್ರೆ ಕೊನೆಯವಳು ಅಂತ ತಾನೇ?" ಎಂದು ಕೇಳಿದರು. ಇಂಥ ಸಣ್ಣ ಮಾತಿಗೆ ನಾನು ಉತ್ತರ ಕೊಡಲು ಹೋಗುವುದಿಲ್ಲ. ಆ ದಿನ ಆ ಅಂಗಳದಲ್ಲಿ ಉಳಿದವರೆಲ್ಲ ಹೆಚ್ಚೆಂದರೆ ಮೂರು ಸಾವಿರ ಮೀಟರ್ ನಡೆದರು. ಮೂರು ಸಾವಿರದ ನಾನೂರು ಮೀಟರ್ ನಡೆದವಳು ನಾನೊಬ್ಬಳೇ. ಆ ದೂರದಲ್ಲಿ ಮೊದಲ ಸ್ಥಾನ ನನ್ನದೇ ಎಂಬುದರಲ್ಲಿ ಸಂಶಯವಿಲ್ಲ. ಬೇಕಾದರೆ ನೀವೇ ಒಮ್ಮೆ ಲೆಕ್ಕ ಹಾಕಿ ನೋಡಿ. ನನ್ನ ಎಣಿಕೆಯ ಮೇಲೆ ಈಗೀಗ ನನಗೇ ಅಷ್ಟು ಭರವಸೆಯಿಲ್ಲ.